ಚರಂಡಿಯಿಂದ ನಲ್ಲಿಗೆ: ವಿಂಡ್‌ಹುಕ್ ನಗರದ ನೀರಿನ ಕಥೆ

ಆಫ್ರಿಕಾ ಖಂಡದ ನೈರುತ್ಯ ಮೂಲೆಯಲ್ಲಿ ನಮೀಬಿಯಾ ಎಂಬ ದೇಶವಿದೆ. ಕರ್ನಾಟಕದಂಥ ನಾಲ್ಕು ರಾಜ್ಯಗಳು ಅದರೊಳಗೆ ಸಲೀಸಾಗಿ ಹಿಡಿಸುತ್ತವೆ. ಆದರೆ 2023ರ ಜನಗಣತಿಯ ಪ್ರಕಾರ ಅಲ್ಲಿಯ ಜನಸಂಖ್ಯೆ ಸುಮಾರು 30 ಲಕ್ಷ ಮಾತ್ರ. ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದ ಅಂಚಿನುದ್ದಕ್ಕೂ ನಮೀಬ್ ಮರುಭೂಮಿ, ಪೂರ್ವಕ್ಕೆ ಕಲಹಾರಿಯ ಮರಳುಗಾಡು. ಇವೆರಡರ ನಡುವಿನ ಪ್ರಸ್ಥಭೂಮಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1650 ಮೀಟರ್ ಎತ್ತರದಲ್ಲಿ, ಬೆಟ್ಟಗಳ ಬೋಗುಣಿಯೊಳಗೆ ಕುಳಿತಿರುವ ನಗರವೇ ರಾಜಧಾನಿ ವಿಂಡ್‌ಹುಕ್.

ವಿಮಾನ ನಿಲ್ದಾಣದಿಂದ ಊರಿಗೆ 40 ಕಿಲೋಮೀಟರಿಗೂ ಹೆಚ್ಚಿನ ದಾರಿ. ಇಕ್ಕೆಲಗಳಲ್ಲೂ ಮುಳ್ಳಿನ ಜಾಲಿಮರಗಳು, ಒಣಹುಲ್ಲು, ಕಂದುಬಣ್ಣದ ಗುಡ್ಡಗಳು. ದಾರಿಯಲ್ಲಿ ಸೇತುವೆಗಳು ಸಿಗುತ್ತವೆ, ಆದರೆ ಅವುಗಳ ಕೆಳಗೆ ನೀರು ಸಿಗುವುದು ಅಪರೂಪ. ಮಳೆ ಬಂದ ಕೆಲವು ಗಂಟೆ ಕೆಂಪಗೆ ಹರಿದು, ಆಮೇಲೆ ವರ್ಷವಿಡೀ ಮರಳಾಗಿ ಮಲಗುವ ಹಳ್ಳಗಳು ಅವು. ಊರೊಳಗೆ ಬಂದರೆ ನೋಟ ಬದಲಾಗುತ್ತದೆ. ಅಗಲವಾದ ಶುಭ್ರ ರಸ್ತೆಗಳು, ಜರ್ಮನ್ನರ ಕಾಲದ ಕಟ್ಟಡಗಳು, 1910ರಲ್ಲಿ ಪೂರ್ಣಗೊಂಡ ಕ್ರೈಸ್ಟ್ ಚರ್ಚಿನ ಚೂಪು ಗೋಪುರ, ಅದರ ಹಿಂದೆಯೇ ಸಂಸತ್ ಭವನದ ಹಸಿರು ತೋಟ. ಅಕ್ಟೋಬರ್ ಬಂತೆಂದರೆ ಬೀದಿಯ ಜಕರಾಂಡ ಮರಗಳು ನೀಲಿ ಹೂ ಹೊದ್ದು ನಿಲ್ಲುತ್ತವೆ. ಹೋಟೆಲುಗಳಲ್ಲಿ ನಲ್ಲಿ ತಿರುಗಿಸಿದರೆ ತಿಳಿಯಾದ ನೀರು. ಕಾಯಿಸಬೇಕಿಲ್ಲ, ಸೋಸಬೇಕಿಲ್ಲ, ಹಾಗೆಯೇ ಕುಡಿಯಬಹುದು.

ಆ ಒಂದು ಲೋಟ ನೀರಿನಲ್ಲಿ ಸುಮಾರು ಕಾಲುಭಾಗ ಅದೇ ಊರಿನ ಬಚ್ಚಲು, ಅಡುಗೆಮನೆ ಮತ್ತು ಶೌಚಾಲಯಗಳಿಂದ ಹರಿದುಹೋದ ನೀರೇ ಮತ್ತೆ ಶುದ್ಧವಾಗಿ ಬಂದದ್ದು!

ಇದನ್ನು ಕೇಳಿದೊಡನೆ ಮುಖ ಸಿಂಡರಿಸುವವರೇ ಹೆಚ್ಚು. ಅದು ಸಹಜ. ಆದರೆ ವಿಂಡ್‌ಹುಕ್ ಈ ನೀರನ್ನು ಕುಡಿಯಲು ಆರಂಭಿಸಿದ್ದು ನಿನ್ನೆ ಮೊನ್ನೆಯಲ್ಲ, 1968ರಲ್ಲಿ. ಮನುಷ್ಯ ಚಂದ್ರನ ಮೇಲೆ ಕಾಲಿಡುವುದಕ್ಕೂ ಒಂದು ವರ್ಷ ಮೊದಲು. ಇಷ್ಟು ವರ್ಷ ಒಂದು ಊರು ತಾನು ಬಳಸಿದ ನೀರನ್ನೇ ಮರಳಿ ಕುಡಿದು ನೆಮ್ಮದಿಯಿಂದ ಇರುವುದು ಹೇಗೆ? ಬೇರೆ ಊರುಗಳು ಅದನ್ನು ಒಪ್ಪಲು ಹಿಂಜರಿದದ್ದು ಏಕೆ?

ಬಿಸಿನೀರಿನ ಬುಗ್ಗೆಯ ಊರು

ವಿಂಡ್‌ಹುಕ್ ಹುಟ್ಟಿದ್ದೇ ನೀರಿನಿಂದ. ಇಲ್ಲಿ ನೆಲದೊಳಗಿನಿಂದ ಬಿಸಿನೀರಿನ ಬುಗ್ಗೆಗಳು ಉಕ್ಕುತ್ತಿದ್ದವು. ನಾಮ ಜನರ ಭಾಷೆಯಲ್ಲಿ ಊರಿನ ಹಳೆಯ ಹೆಸರಿಗೆ ಬೆಂಕಿನೀರು ಎಂಬ ಅರ್ಥವಿದ್ದರೆ, ಹೆರೆರೋ ಜನ ಅದನ್ನು ಹಬೆಯ ಜಾಗ ಎಂದು ಕರೆದರು. 1840ರ ಹೊತ್ತಿಗೆ ಯೋಂಕರ್ ಆಫ್ರಿಕಾನರ್ ಎಂಬ ನಾಯಕ ತನ್ನ ಜನರೊಂದಿಗೆ ಇಲ್ಲಿ ನೆಲೆಸಿದ್ದೂ, 1890ರಲ್ಲಿ ಜರ್ಮನ್ನರು ಕೋಟೆ ಕಟ್ಟಿದ್ದೂ ಈ ನೀರಿನ ಆಸೆಯಿಂದಲೇ.

ಊರು ಬೆಳೆದಂತೆ ಬುಗ್ಗೆಗಳು ಸಾಲದಾದವು. ಕೊಳವೆಬಾವಿಗಳು ಬಂದವು. ಅವೂ ಸೋತವು. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 360 ಮಿಲಿಮೀಟರ್ ಆಸುಪಾಸು, ಅಂದರೆ ಬೆಂಗಳೂರಿನ ಮಳೆಯ ಅರ್ಧಕ್ಕೂ ಕಡಿಮೆ. ಅದೇ ಹೊತ್ತಿಗೆ ಬಿಸಿಲು ತೆರೆದ ನೀರಿನಿಂದ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಆವಿ ಮಾಡಬಲ್ಲದು. ಆಳೆತ್ತರದ ತೊಟ್ಟಿಯೊಂದನ್ನು ತುಂಬಿಸಿ ಬಯಲಿನಲ್ಲಿಟ್ಟರೆ ವರ್ಷ ಕಳೆಯುವುದರೊಳಗೆ ಅದು ಬರಿದು. ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದರೂ ಮೊದಲ ಪಾಲು ಸೂರ್ಯನಿಗೆ ಸಲ್ಲುತ್ತದೆ.

ವರ್ಷವಿಡೀ ಹರಿಯುವ ನದಿಗಳು ದೇಶದ ಉತ್ತರ ಮತ್ತು ದಕ್ಷಿಣದ ಗಡಿಗಳಲ್ಲಿ ಮಾತ್ರ ಇವೆ. ಉತ್ತರದ ಒಕವಾಂಗೊ ನದಿ ರಾಜಧಾನಿಯಿಂದ ಸುಮಾರು 700 ಕಿಲೋಮೀಟರ್ ದೂರ. ಸಮುದ್ರದ ನೀರಿನ ಉಪ್ಪು ತೆಗೆದು ತರೋಣವೆಂದರೆ ಮರುಭೂಮಿಯನ್ನು ದಾಟಿಸಿ 1650 ಮೀಟರ್ ಮೇಲಕ್ಕೆ ಎತ್ತಬೇಕು. ಕಾವೇರಿಯ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಿ ತರುವ ಬೆಂಗಳೂರಿಗರಿಗೆ ಇದರ ಖರ್ಚು ಎಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಎಲ್ಲ ದಿಕ್ಕಿನಲ್ಲೂ ಬಾಗಿಲು ಮುಚ್ಚಿದಾಗ ನಗರದ ಎಂಜಿನಿಯರುಗಳ ಕಣ್ಣು ಬಿದ್ದದ್ದು ಊರಿನೊಳಗೇ ಇದ್ದ ಒಂದು ಹೊಳೆಯ ಮೇಲೆ. ಬರಗಾಲದಲ್ಲೂ ಬತ್ತದ ಹೊಳೆ ಅದು: ಒಳಚರಂಡಿ.

ಯಾರನ್ನೂ ಕೇಳದೆ ಬಂದ ನೀರು

ಅದಕ್ಕೂ ಮೊದಲು ಅಮೆರಿಕದಲ್ಲಿ ಒಂದು ಪ್ರಯೋಗ ನಡೆದಿತ್ತು. 1956-57ರ ಬರದಲ್ಲಿ ಕ್ಯಾನ್ಸಾಸ್ ರಾಜ್ಯದ ಶನೂಟ್ ಎಂಬ ಸಣ್ಣ ಊರು ಬೇರೆ ದಾರಿಯಿಲ್ಲದೆ ತನ್ನ ಚರಂಡಿಯ ನೀರನ್ನೇ ಶುದ್ಧೀಕರಿಸಿ ಐದು ತಿಂಗಳು ಬಳಸಿತು. ರೋಗಾಣುಗಳ ಪರೀಕ್ಷೆಯಲ್ಲಿ ನೀರು ತೇರ್ಗಡೆಯಾಯಿತು. ಆದರೆ ಅದಕ್ಕೆ ತಿಳಿಹಳದಿ ಬಣ್ಣವಿತ್ತು, ವಾಸನೆಯಿತ್ತು, ಲೋಟದಲ್ಲಿ ನೊರೆ ಬರುತ್ತಿತ್ತು. ಜನ ಬಾಟಲಿ ನೀರಿಗೆ ಮುಗಿಬಿದ್ದರು. ಮಳೆ ಬಂದೊಡನೆ ಪ್ರಯೋಗ ನಿಂತಿತು. ಪರೀಕ್ಷೆಯಲ್ಲಿ ಗೆದ್ದರೆ ಸಾಲದು, ಕುಡಿಯುವವರ ಕಣ್ಣು, ಮೂಗು, ನಾಲಿಗೆಗಳನ್ನೂ ಗೆಲ್ಲಬೇಕೆಂಬ ಪಾಠ ಅಲ್ಲಿ ಸಿಕ್ಕಿತು.

ವಿಂಡ್‌ಹುಕ್ಕಿನ ವಾಯವ್ಯ ಅಂಚಿನಲ್ಲಿರುವ ಗೊರೆಯಾಂಗಾಬ್ ಜಲಾಶಯದ ಬಳಿ 1968ರಲ್ಲಿ ಆರಂಭವಾದ ಸ್ಥಾವರ ಈ ಪಾಠ ಕಲಿತಿತ್ತು. ದಿನಕ್ಕೆ ಸುಮಾರು 43 ಲಕ್ಷ ಲೀಟರ್ ಅದರ ಸಾಮರ್ಥ್ಯ. ಬಳಸಿದ ನೀರನ್ನು ಶುದ್ಧೀಕರಿಸಿ, ನದಿಗೋ ಕೆರೆಗೋ ಬಿಡದೆ ನೇರವಾಗಿ ಕುಡಿಯುವ ನೀರಿನ ಕೊಳವೆಗಳಿಗೆ ಸೇರಿಸಿದ ಜಗತ್ತಿನ ಮೊದಲ ಕಾಯಂ ವ್ಯವಸ್ಥೆ ಅದು. ಈ ಕೆಲಸದ ಮುಂಚೂಣಿಯಲ್ಲಿದ್ದ ವಿಜ್ಞಾನಿ ಲ್ಯೂಕಾಸ್ ವಾನ್ ವ್ಯೂರೆನ್, ನೀರನ್ನು ಅದರ ಪೂರ್ವಚರಿತ್ರೆಯಿಂದ ಅಳೆಯಬಾರದು, ಗುಣದಿಂದ ಅಳೆಯಬೇಕು ಎನ್ನುತ್ತಿದ್ದರಂತೆ. ನೀರಿನ ಶಾಸ್ತ್ರ ಓದುವವರ ನಡುವೆ ಈ ಮಾತು ಇಂದಿಗೂ ಬಳಕೆಯಲ್ಲಿದೆ.

ಆದರೆ ಈ ಕಥೆಗೆ ಇನ್ನೊಂದು ಮುಖವಿದೆ. 1968ರಲ್ಲಿ ನಮೀಬಿಯಾ ದಕ್ಷಿಣ ಆಫ್ರಿಕಾದ ಆಳ್ವಿಕೆಯಲ್ಲಿತ್ತು. ಬಿಳಿಯರಿಗೊಂದು ಊರು, ಕರಿಯರಿಗೊಂದು ಕೇರಿ ಎಂಬ ವರ್ಣಭೇದ ನೀತಿ ಜಾರಿಯಲ್ಲಿತ್ತು. ಅದಕ್ಕೆ ಒಂಬತ್ತು ವರ್ಷ ಮೊದಲು, 1959ರ ಡಿಸೆಂಬರ್ 10ರಂದು, ತಮ್ಮ ಹಳೆಯ ಬಡಾವಣೆಯಿಂದ ಎತ್ತಂಗಡಿ ಮಾಡುವುದನ್ನು ಪ್ರತಿಭಟಿಸಿದ ಕರಿಯ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದರು. ಜನರನ್ನು ಸಾಗಿಸಿದ ಹೊಸ ಬಡಾವಣೆಗೆ ಕಟುಟುರಾ ಎಂದು ಹೆಸರಾಯಿತು. ಹೆರೆರೋ ಭಾಷೆಯ ಆ ಹೆಸರನ್ನು ‘ನಾವು ಬಾಳಲು ಬಯಸದ ಜಾಗ’ ಎಂದು ಅರ್ಥೈಸುತ್ತಾರೆ. ಮನೆ ಎಲ್ಲಿರಬೇಕೆಂದೇ ಕೇಳದವರು ನೀರು ಎಲ್ಲಿಂದ ಬರಬೇಕೆಂದು ಕೇಳಿಯಾರೇ? ಊರಿನ ಬಹುಪಾಲು ಜನರಿಗೆ ಮತದಾನದ ಹಕ್ಕೇ ಇರಲಿಲ್ಲ.

ಆದ್ದರಿಂದ ವಿಂಡ್‌ಹುಕ್ಕಿನ ಜನ ಆರಂಭದಲ್ಲಿ ಈ ನೀರನ್ನು ‘ಒಪ್ಪಿದರು’ ಎನ್ನುವುದಕ್ಕಿಂತ, ನೀರು ಬಂತು, ಅವರು ಕುಡಿದರು ಎನ್ನುವುದೇ ಸರಿ. ನಿಜವಾದ ಒಪ್ಪಿಗೆ ಬಂದದ್ದು ನಂತರ. 1990ರ ಮಾರ್ಚ್ 21ರಂದು ದೇಶ ಸ್ವತಂತ್ರವಾಯಿತು. ಜನರೇ ಆರಿಸಿದ ನಗರಸಭೆ ಬಂತು. ಬೇಡವೆನಿಸಿದ್ದರೆ ಆ ಹಳೆಯ ಸ್ಥಾವರಕ್ಕೆ ಬೀಗ ಹಾಕಬಹುದಿತ್ತು. ಹಾಗೆ ಮಾಡಲಿಲ್ಲ. ಬದಲಿಗೆ 2002ರಲ್ಲಿ ಅದರ ಪಕ್ಕದಲ್ಲೇ ದಿನಕ್ಕೆ 2 ಕೋಟಿ 10 ಲಕ್ಷ ಲೀಟರ್ ಸಾಮರ್ಥ್ಯದ ಹೊಸ ಸ್ಥಾವರ ತಲೆಯೆತ್ತಿತು. ಹಳೆಯದು ಉದ್ಯಾನ ಮತ್ತು ಆಟದ ಮೈದಾನಗಳಿಗೆ ನೀರು ಒದಗಿಸುವ ಕೆಲಸಕ್ಕೆ ಸರಿಯಿತು. ಹೊಸ ಸ್ಥಾವರ ನಡೆಸಲು ಕೈಜೋಡಿಸಿದ ಕಂಪನಿಗಳಲ್ಲಿ ವಾಬಾಗ್ ಕೂಡ ಒಂದು. ಅದರ ಕೇಂದ್ರ ಕಚೇರಿ ಇಂದು ಇರುವುದು ನೆರೆಯ ಚೆನ್ನೈಯಲ್ಲಿ.

ಸ್ಥಾವರದೊಳಗೆ ಒಂದು ಸುತ್ತು

ಗೊರೆಯಾಂಗಾಬ್ ಸ್ಥಾವರದಲ್ಲಿ ನಡೆಯುವುದೇನು? ಶಾಲೆಯ ವಿಜ್ಞಾನ ಪುಸ್ತಕ ಓದಿದ ಯಾವ ಮಗುವಿಗೂ ಅರ್ಥವಾಗುವಂಥದ್ದೇ.

ಮೊದಲನೆಯ ಎಚ್ಚರ ಸ್ಥಾವರದ ಹೊರಗೇ ಇದೆ. ಕಾರ್ಖಾನೆಗಳ ಕೊಳೆನೀರು ಮನೆಗಳ ಕೊಳೆನೀರಿನೊಂದಿಗೆ ಬೆರೆಯದಂತೆ ನಗರ ನೋಡಿಕೊಳ್ಳುತ್ತದೆ. ಚರ್ಮ ಹದಮಾಡುವ ಘಟಕ, ಕಸಾಯಿಖಾನೆ ಮುಂತಾದವುಗಳ ನೀರಿಗೆ ಬೇರೆಯೇ ಕೊಳವೆ, ಬೇರೆಯೇ ದಾರಿ. ಮನೆಯ ಕೊಳೆ ಎಂದರೆ ಹೆಚ್ಚಾಗಿ ಜೈವಿಕ ಕೊಳೆ. ಅದನ್ನು ಕೊಳೆಯಿಸಿ ತಿನ್ನುವ ಜೀವಿಗಳು ನಿಸರ್ಗದಲ್ಲೇ ಇವೆ. ಕಾರ್ಖಾನೆಯ ವಿಷಲೋಹಗಳ ಮಾತು ಹಾಗಲ್ಲ.

ಮನೆಗಳ ನೀರು ಮೊದಲು ಗಮ್ಮಾಮ್ಸ್ ಎಂಬಲ್ಲಿರುವ ಘಟಕಕ್ಕೆ ಹೋಗುತ್ತದೆ. ಅಲ್ಲಿ ಗಾಳಿ ಊದಿದ ತೊಟ್ಟಿಗಳಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದು ಮುಗಿಸುತ್ತವೆ. ಹೀಗೆ ತಿಳಿಯಾದ ನೀರು ಗೊರೆಯಾಂಗಾಬಿಗೆ ಬರುತ್ತದೆ. ಅಲ್ಲಿಂದ ಮುಂದೆ ಒಂದರ ಹಿಂದೊಂದು ತಡೆಗೋಡೆಗಳು.

ಮೊದಲು ಇದ್ದಿಲ ಪುಡಿ ಮತ್ತು ಓಜೋನ್ ಅನಿಲದ ಉಪಚಾರ. ಬಳಿಕ ಕಬ್ಬಿಣದ ಲವಣ ಬೆರೆಸಿ ನೀರಿನಲ್ಲಿ ತೇಲುವ ಅತಿಸಣ್ಣ ಕಣಗಳನ್ನು ಒಟ್ಟುಗೂಡಿಸುತ್ತಾರೆ. ಅಜ್ಜಿಯಂದಿರು ಕೆಂಪು ನೀರಿಗೆ ಪಟಿಕದ ಹರಳು ಆಡಿಸಿ ತಿಳಿಯಾಗಿಸುತ್ತಿದ್ದುದೂ ಇದೇ ತತ್ತ್ವದಿಂದ. ಹೀಗೆ ಕೂಡಿದ ಕಣಗಳನ್ನು ತಳಕ್ಕೆ ಇಳಿಸುವ ಬದಲು ಇಲ್ಲಿ ಮೇಲಕ್ಕೆ ಎತ್ತುತ್ತಾರೆ. ಹೇಗೆಂದು ಮಕ್ಕಳು ಮನೆಯಲ್ಲೇ ನೋಡಬಹುದು. ಒಂದು ಲೋಟ ಸೋಡಾಕ್ಕೆ ನಾಲ್ಕು ಒಣದ್ರಾಕ್ಷಿ ಹಾಕಿದರೆ ಮೊದಲು ಮುಳುಗುತ್ತವೆ. ಆಮೇಲೆ ಗುಳ್ಳೆಗಳು ಮೈಗೆ ಅಂಟಿಕೊಂಡು ಅವುಗಳನ್ನು ಮೇಲಕ್ಕೆ ತೇಲಿಸುತ್ತವೆ. ಸ್ಥಾವರದಲ್ಲೂ ಒತ್ತಡದಿಂದ ಗಾಳಿ ಕರಗಿಸಿದ ನೀರನ್ನು ಬಿಟ್ಟು, ಸಣ್ಣ ಗುಳ್ಳೆಗಳ ಬೆನ್ನೇರಿ ಬಂದ ಕೊಳೆಯನ್ನು ಮೇಲಿನಿಂದ ಕೆನೆಯಂತೆ ತೆಗೆಯುತ್ತಾರೆ.

ನಂತರ ಮರಳಿನ ಸೋಸುಗ. ಆಮೇಲೆ ಮತ್ತೆ ಓಜೋನ್. ಆಮ್ಲಜನಕದ ಮೂರು ಪರಮಾಣುಗಳು ಸೇರಿದ ಈ ಅನಿಲ ರೋಗಾಣುಗಳನ್ನು ಕೊಂದು, ಉಳಿದ ರಾಸಾಯನಿಕಗಳ ದೊಡ್ಡ ಅಣುಗಳನ್ನು ತುಂಡರಿಸುತ್ತದೆ. ಆ ತುಂಡುಗಳನ್ನು ಹೀರಿಕೊಳ್ಳಲು ಸಕ್ರಿಯಗೊಳಿಸಿದ ಇದ್ದಿಲಿನ ಪದರಗಳಿವೆ. ಅದನ್ನೂ ದಾಟಿದ ನೀರು ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗಕ್ಕಿಂತ ಚಿಕ್ಕ ರಂಧ್ರಗಳ ಪೊರೆಯ ಮೂಲಕ ಹಾಯುತ್ತದೆ. ಬ್ಯಾಕ್ಟೀರಿಯಾಗಳಿಗೆ ಅಲ್ಲಿ ನುಸುಳಲು ಜಾಗವಿಲ್ಲ. ಕೊನೆಗೆ ಕ್ಲೋರಿನ್. ಇಷ್ಟಾದ ಮೇಲೂ ಅದನ್ನು ಜಲಾಶಯಗಳಿಂದ ಬಂದ ನೀರಿನೊಂದಿಗೆ ಬೆರೆಸಿಯೇ ಊರಿಗೆ ಬಿಡುತ್ತಾರೆ. ಮರುಶುದ್ಧೀಕರಿಸಿದ ನೀರಿನ ಪಾಲು ಹೆಚ್ಚೆಂದರೆ ಶೇ 35.

ಒಂದು ಗೋಡೆ ಬಿದ್ದರೆ ಇನ್ನೊಂದು ತಡೆಯಬೇಕು ಎಂಬುದು ಇಲ್ಲಿಯ ಲೆಕ್ಕ. ಹಂತಹಂತಕ್ಕೂ ಅಳತೆ, ಪರೀಕ್ಷೆ. ಗುಣಮಟ್ಟ ತಪ್ಪಿತೆಂದರೆ ನೀರು ಊರಿಗೆ ಹೋಗುವುದಿಲ್ಲ, ಸ್ಥಾವರದೊಳಗೇ ಸುತ್ತಲಾರಂಭಿಸುತ್ತದೆ. ಈ ನೀರಿನಿಂದ ರೋಗ ಹರಡಿತೆಂಬ ದೃಢಪಟ್ಟ ದಾಖಲೆ ಇಷ್ಟು ವರ್ಷಗಳಲ್ಲಿ ಒಂದೂ ಇಲ್ಲವೆಂಬುದು ಗಮನಾರ್ಹ.

ಎಂಜಲಿನ ಲೆಕ್ಕ

ಇಷ್ಟೆಲ್ಲ ಹೇಳಿದ ಮೇಲೂ ಹಲವರ ಮನಸ್ಸು ಬೇಡವೆನ್ನುತ್ತದೆ. ಕನ್ನಡಿಗರಿಗೆ ಇದನ್ನು ವಿವರಿಸಲು ಪುಸ್ತಕ ತೆರೆಯಬೇಕಿಲ್ಲ, ‘ಎಂಜಲು’ ಎಂಬ ಒಂದು ಪದ ಸಾಕು. ಒಬ್ಬರು ಕಚ್ಚಿದ ಹಣ್ಣನ್ನು ಎಷ್ಟು ತೊಳೆದರೂ ಅದು ಎಂಜಲೇ. ಕೊಳೆ ಹೋದರೂ ಕೊಳೆಯ ನೆನಪು ಹೋಗುವುದಿಲ್ಲ.

ಇದು ಒಂದು ನಾಡಿನ ಸಂಪ್ರದಾಯವಷ್ಟೇ ಅಲ್ಲ, ಮನುಷ್ಯನ ಸ್ವಭಾವ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಮತ್ತು ಸಂಗಡಿಗರು ತೋರಿಸಿದರು. 1986ರಲ್ಲಿ ಪ್ರಕಟವಾದ ಅವರ ಪ್ರಯೋಗವೊಂದರಲ್ಲಿ, ಸತ್ತ ಜಿರಲೆಯನ್ನು ಸಂಪೂರ್ಣ ಕ್ರಿಮಿಶುದ್ಧ ಮಾಡಿ ಹಣ್ಣಿನ ರಸದಲ್ಲಿ ಅದ್ದಿ ತೆಗೆದರು. ಅಪಾಯವಿಲ್ಲವೆಂದು ತಿಳಿದಿದ್ದರೂ ಆ ರಸ ಕುಡಿಯಲು ಜನ ಹಿಂದೆಗೆದರು. ಇದೇ ತಂಡದ ಕೆಲವರು ಸೇರಿ ಮರುಬಳಕೆಯ ನೀರಿನ ಬಗ್ಗೆ ಅಮೆರಿಕನ್ನರನ್ನು ಪ್ರಶ್ನಿಸಿ 2015ರಲ್ಲಿ ವರದಿ ಪ್ರಕಟಿಸಿದರು. ಶೇ 49 ಮಂದಿ ಅಂಥ ನೀರನ್ನು ಕುಡಿದು ನೋಡಲು ಸಿದ್ಧರಿದ್ದರು. ಶೇ 38 ಮಂದಿಗೆ ಅನುಮಾನ. ಖಂಡಿತ ಬೇಡವೆಂದವರು ಶೇ 13 ಮಾತ್ರ. ಆ ನೀರು ನದಿಯಲ್ಲಿ ಹರಿದು ಅಥವಾ ನೆಲದಲ್ಲಿ ಇಂಗಿ ಬಂದರೆ ಅಸಹ್ಯ ಕಡಿಮೆಯಾಗುತ್ತದೆ ಎಂಬುದೂ ತಿಳಿಯಿತು.

ಹರಿವ ನೀರಿಗೆ ಮೈಲಿಗೆಯಿಲ್ಲವೆಂಬ ಮಾತು ಇಲ್ಲಿ ನೆನಪಾಗುತ್ತದೆ. ತುಂಗೆಯ ದಡದಲ್ಲಿ ಶಿವಮೊಗ್ಗ, ಭದ್ರೆಯ ದಡದಲ್ಲಿ ಭದ್ರಾವತಿ. ಎರಡೂ ನದಿಗಳು ಕೂಡಲಿಯಲ್ಲಿ ಸೇರಿ ಹರಿಹರಕ್ಕೆ ಬರುತ್ತವೆ. ಮೇಲಿನ ಊರುಗಳ ಬಚ್ಚಲ ನೀರು ಎಷ್ಟೋ ಪಾಲು ನದಿಗೇ ಸೇರುತ್ತದೆ, ಕೆಳಗಿನ ಊರುಗಳು ಅದೇ ನದಿಯಿಂದ ಕುಡಿಯುವ ನೀರು ಎತ್ತುತ್ತವೆ. ಅದನ್ನು ಯಾರೂ ಚರಂಡಿ ನೀರು ಎನ್ನುವುದಿಲ್ಲ, ಹೊಳೆಯ ನೀರು ಎನ್ನುತ್ತಾರೆ. ಜಗತ್ತಿನ ದೊಡ್ಡ ನದಿಗಳ ದಡದ ಊರುಗಳೆಲ್ಲ ತಮಗೆ ಗೊತ್ತಿಲ್ಲದೆಯೇ ಮರುಬಳಕೆಯ ನೀರು ಕುಡಿಯುತ್ತಿವೆ. ವಿಂಡ್‌ಹುಕ್ ಅದನ್ನು ಗೊತ್ತಿದ್ದೂ, ಅಳೆದೂ ಕುಡಿಯುತ್ತಿದೆ. ವ್ಯತ್ಯಾಸ ಇರುವುದು ಅಲ್ಲಿ.

ಬೇಡವೆಂದ ಊರು, ಹೌದೆಂದ ದ್ವೀಪ

ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ರಾಜ್ಯದಲ್ಲಿ ಬೆಟ್ಟದ ನೆತ್ತಿಯ ಮೇಲೆ ಟುವೂಂಬಾ ಎಂಬ ಊರಿದೆ. ಹೂದೋಟಗಳಿಗೆ ಹೆಸರಾದ ಊರು. ದೀರ್ಘ ಬರದಿಂದ ಅದರ ಜಲಾಶಯಗಳು ಬರಿದಾಗುತ್ತಿದ್ದಾಗ, ಶುದ್ಧೀಕರಿಸಿದ ಚರಂಡಿ ನೀರನ್ನು ಕೂಬಿ ಜಲಾಶಯಕ್ಕೆ ಸೇರಿಸುವ ಯೋಜನೆಯನ್ನು ನಗರಾಡಳಿತ ಮುಂದಿಟ್ಟಿತು. ಊರು ಇಬ್ಭಾಗವಾಯಿತು. ವಿರೋಧಿಗಳು ಊರಿನ ಹೆಸರನ್ನೇ ಮಲದ ಮಾತಿನೊಂದಿಗೆ ಜೋಡಿಸಿ ಗೇಲಿ ಮಾಡಿದರು. ಪ್ರವಾಸಿಗರು ಬರುವುದಿಲ್ಲ, ಮನೆಗಳ ಬೆಲೆ ಇಳಿಯುತ್ತದೆ ಎಂಬ ಭಯ ಹಬ್ಬಿತು. 2006ರ ಜುಲೈ 29ರಂದು ಜನಮತಗಣನೆ ನಡೆದಾಗ ಸುಮಾರು ಶೇ 62 ಮಂದಿ ಬೇಡವೆಂದರು.

ಮುಂದೇನಾಯಿತು? ನೀರಿನ ಕೊರತೆ ಹಾಗೆಯೇ ಉಳಿಯಿತು. ಕೊನೆಗೆ ತಗ್ಗಿನಲ್ಲಿರುವ ವೈವೆನ್‌ಹೋ ಜಲಾಶಯದಿಂದ 38 ಕಿಲೋಮೀಟರ್ ಉದ್ದದ ಕೊಳವೆ ಹಾಕಿ, ನೀರನ್ನು ಬೆಟ್ಟ ಹತ್ತಿಸಿ ತರಬೇಕಾಯಿತು. 2010ರಲ್ಲಿ ಆ ಕೆಲಸ ಮುಗಿಯಿತು. ತಮಾಷೆಯೆಂದರೆ, ಅದೇ ವೈವೆನ್‌ಹೋ ಜಲಾಶಯಕ್ಕೆ ಬ್ರಿಸ್ಬೇನ್ ಪ್ರದೇಶದ ಮರುಶುದ್ಧೀಕರಿಸಿದ ನೀರು ಸೇರಿಸುವ ವ್ಯವಸ್ಥೆಯನ್ನು ರಾಜ್ಯ ಸರ್ಕಾರ ಅಷ್ಟರಲ್ಲಿ ಸಿದ್ಧಪಡಿಸಿತ್ತು. ಜಲಾಶಯಗಳ ಮಟ್ಟ ಶೇ 40ಕ್ಕಿಂತ ಕೆಳಗಿಳಿದರೆ ಮಾತ್ರ ಅದನ್ನು ಬಳಸುವುದೆಂದು 2008ರಲ್ಲಿ ತೀರ್ಮಾನವಾಯಿತು. ಬೇಡವೆಂದ ನೀರು ಬೇರೆ ಬಾಗಿಲಿನಿಂದ ಬರುವ ಸಾಧ್ಯತೆ ಹೀಗೆ ಉಳಿದೇ ಉಳಿಯಿತು.

ಟುವೂಂಬಾದ ಜನರನ್ನು ದಡ್ಡರೆಂದು ತಳ್ಳಿಹಾಕುವುದು ತಪ್ಪಾಗುತ್ತದೆ. ಬರ ಮನೆಬಾಗಿಲಿಗೆ ಬಂದು ನಿಂತ ಮೇಲೆ, ಕೆಲವೇ ತಿಂಗಳುಗಳಲ್ಲಿ ಹೌದು ಅಥವಾ ಇಲ್ಲ ಎಂದು ಹೇಳಿರೆಂದು ಅವರನ್ನು ಕೇಳಲಾಯಿತು. ಕಣ್ಣಾರೆ ನೋಡದ, ನಾಲಿಗೆಗೆ ಹಚ್ಚದ ವಸ್ತುವಿಗೆ ಮತ ಕೊಡುವುದು ಹೇಗೆ?

ಸಿಂಗಪುರ ಬೇರೆ ಹಾದಿ ಹಿಡಿಯಿತು. ಈ ದ್ವೀಪಕ್ಕೆ ನೆರೆಯ ಮಲೇಷ್ಯಾದ ಜೊಹೊರ್‌ನಿಂದ ನೀರು ಬರುತ್ತದೆ, ಆ ಒಪ್ಪಂದ 2061ಕ್ಕೆ ಮುಗಿಯುತ್ತದೆ. ಹಂಗಿನ ನೀರು ಎಷ್ಟು ದಿನ? 1974ರಲ್ಲೇ ಸಣ್ಣ ಪ್ರಯೋಗ ಮಾಡಿದ್ದ ಸಿಂಗಪುರ ಖರ್ಚು ಹೆಚ್ಚೆಂದು ಆಗ ಕೈಬಿಟ್ಟಿತ್ತು. ಪೊರೆಗಳ ಬೆಲೆ ಇಳಿದು ಗುಣ ಏರಿದಾಗ ಮತ್ತೆ ಕೈಗೆತ್ತಿಕೊಂಡಿತು. 2000ದಲ್ಲಿ ಪ್ರಾಯೋಗಿಕ ಘಟಕ, ಎರಡು ವರ್ಷ ಪರೀಕ್ಷೆ, ಹೊರಗಿನ ತಜ್ಞರ ತಪಾಸಣೆ. ಚರಂಡಿ ನೀರು ಎನ್ನುವ ಬದಲು ‘ಬಳಸಿದ ನೀರು’ ಎನ್ನಲು ಕಲಿಸಿದರು. ಶುದ್ಧವಾಗಿ ಬಂದದ್ದಕ್ಕೆ ‘ನ್ಯೂವಾಟರ್’ ಎಂದು ಹೆಸರಿಟ್ಟರು. 2002ರ ಆಗಸ್ಟ್ 9ರ ರಾಷ್ಟ್ರೀಯ ದಿನದಂದು ಪ್ರಧಾನಿ ಗೋ ಚೋಕ್ ಟಾಂಗ್ ಅವರೊಂದಿಗೆ ಸುಮಾರು 60 ಸಾವಿರ ಜನ ಆ ನೀರಿನ ಬಾಟಲಿ ಎತ್ತಿ ಕುಡಿದರು. 2003ರಲ್ಲಿ ಬೆಡೋಕ್ ಎಂಬಲ್ಲಿ ಸಂದರ್ಶಕರ ಕೇಂದ್ರ ತೆರೆಯಿತು. 2024ರಲ್ಲಿ ಮುಚ್ಚುವವರೆಗೂ ಶಾಲಾ ಮಕ್ಕಳು ತಂಡತಂಡವಾಗಿ ಅಲ್ಲಿಗೆ ಬಂದು, ಗಾಜಿನಾಚೆ ಯಂತ್ರಗಳನ್ನು ನೋಡಿ, ನೀರು ಕುಡಿದು ಹೋಗುತ್ತಿದ್ದರು. ನ್ಯೂವಾಟರಿನ ಬಹುಪಾಲು ಹೋಗುವುದು ಕಾರ್ಖಾನೆಗಳಿಗೆ. ಮಳೆ ಕಡಿಮೆಯಾದಾಗ ಸ್ವಲ್ಪ ಪಾಲು ಜಲಾಶಯಗಳಿಗೆ ಸೇರಿ, ಮತ್ತೊಮ್ಮೆ ಶುದ್ಧವಾಗಿ ಮನೆಗಳಿಗೆ ಬರುತ್ತದೆ.

ಹೆಸರು ಬದಲಿಸಿದ್ದು ಬರೀ ಜಾಣತನ ಎನ್ನುವವರಿದ್ದಾರೆ. ಆದರೆ ಹೆಸರಷ್ಟೇ ಬದಲಾಗಿ ಕದ ಮುಚ್ಚಿದ್ದರೆ ಜನ ನಂಬುತ್ತಿರಲಿಲ್ಲ. ಸಿಂಗಪುರ ಕದವನ್ನೂ ತೆರೆದಿಟ್ಟಿತು.

ಶೌಚಾಲಯವಿಲ್ಲದವರ ಪಾಲು

ಮತ್ತೆ ವಿಂಡ್‌ಹುಕ್ಕಿಗೆ ಬರೋಣ. ಗೊರೆಯಾಂಗಾಬ್ ಜಲಾಶಯದ ಕಥೆ ಇನ್ನೂ ಮುಗಿದಿಲ್ಲ. ಮೊದಲ ಸ್ಥಾವರ ಕಟ್ಟಿದಾಗ ಜಲಾಶಯದ ಮಳೆನೀರು ಒಂದು ಕಡೆ, ಚರಂಡಿಯ ನೀರು ಇನ್ನೊಂದು ಕಡೆ, ಎರಡನ್ನೂ ಶುದ್ಧೀಕರಿಸುವ ಉದ್ದೇಶವಿತ್ತು. ಸ್ವಾತಂತ್ರ್ಯದ ನಂತರ ಹಳ್ಳಿಗಳಿಂದ ಕೆಲಸ ಹುಡುಕಿ ಬಂದ ಜನ ಕಟುಟುರಾದ ಆಚೆಯ ಗುಡ್ಡಗಳಲ್ಲಿ ತಗಡಿನ ಮನೆಗಳನ್ನು ಕಟ್ಟಿಕೊಂಡರು. ಅಲ್ಲಿ ಒಳಚರಂಡಿಯಿಲ್ಲ. ಎಷ್ಟೋ ಮನೆಗಳಿಗೆ ಶೌಚಾಲಯವಿಲ್ಲ. ಸಾರ್ವಜನಿಕ ನಲ್ಲಿಯಲ್ಲಿ ಮುಂಗಡ ಹಣ ತುಂಬಿದ ಬಿಲ್ಲೆ ತೋರಿಸಿ ಕ್ಯಾನುಗಳಲ್ಲಿ ನೀರು ಹೊತ್ತೊಯ್ಯುತ್ತಾರೆ. ಮಳೆ ಬಂದಾಗ ಗುಡ್ಡದ ಕೊಳೆಯೆಲ್ಲ ತೊಳೆದುಕೊಂಡು ಜಲಾಶಯ ಸೇರುತ್ತದೆ. ಇದರಿಂದ ಜಲಾಶಯದ ನೀರು ಎಷ್ಟು ಕೆಟ್ಟಿತೆಂದರೆ, ಗಮ್ಮಾಮ್ಸಿನಿಂದ ಬರುವ ಚರಂಡಿಯ ನೀರೇ ಅದಕ್ಕಿಂತ ಮೇಲೆನಿಸಿತು!

ನಿಸರ್ಗದ್ದೆಂಬ ಕಾರಣಕ್ಕೆ ನೀರು ಶುದ್ಧವಲ್ಲ, ಚರಂಡಿಯದೆಂಬ ಕಾರಣಕ್ಕೆ ಅಶುದ್ಧವೂ ಅಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ಇನ್ನೂ ಒಂದು ಸಂಗತಿ ಇದರಲ್ಲಿದೆ. ನೀರಿನ ಮರುಬಳಕೆ ಆರಂಭವಾಗುವುದು ದುಬಾರಿ ಯಂತ್ರಗಳಿಂದಲ್ಲ, ಪ್ರತಿ ಮನೆಗೂ ಒಂದು ಶೌಚಾಲಯ ಮತ್ತು ಒಂದು ಕೊಳವೆಯಿಂದ. ಬಡವರ ಕೇರಿಯ ಕೊಳೆಯನ್ನು ಬಯಲಿಗೆ ಬಿಟ್ಟು, ಉಳ್ಳವರ ಕೊಳೆಯನ್ನಷ್ಟೇ ಶುದ್ಧ ಮಾಡಿದರೆ ಊರಿನ ನೀರು ಶುದ್ಧವಾಗದು.

ಕೋಲಾರದ ಕೆರೆಗಳವರೆಗೆ

ಈ ಪ್ರಶ್ನೆ ಕರ್ನಾಟಕಕ್ಕೂ ಬಂದು ತಲುಪಿದೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಚರಂಡಿ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಯೋಜನೆ 2018ರ ಜೂನ್‌ನಲ್ಲಿ ಆರಂಭವಾಯಿತು. ದಿನಕ್ಕೆ 44 ಕೋಟಿ ಲೀಟರ್, ನೂರಕ್ಕೂ ಹೆಚ್ಚು ಕೆರೆಗಳು. ಕುಡಿಯಲು ಅಲ್ಲ, ಅಂತರ್ಜಲ ಮೇಲೇಳಲಿ ಎಂದು. ಮುಂದಿನ ತಿಂಗಳೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿಕೊಂಡಿತು. ನೀರು ನಿಂತಿತು, ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ಆಮೇಲೆ ನೀರು ಮತ್ತೆ ಹರಿಯಿತು. ಬತ್ತಿದ ಕೆರೆ ತುಂಬಿ ಕೊಳವೆಬಾವಿಯಲ್ಲಿ ನೀರು ಕಂಡ ರೈತರಿಗೆ ಹರ್ಷ. ಮೂರನೆಯ ಹಂತದ ಶುದ್ಧೀಕರಣವೂ ಆಗಲೇಬೇಕೆಂದು ಪಟ್ಟು ಹಿಡಿದವರ ಬೇಡಿಕೆಯೂ ನ್ಯಾಯವಾದದ್ದೇ. ಕೆರೆಯಲ್ಲಿ ಇಂಗಿದ ನೀರು ಒಂದಲ್ಲ ಒಂದು ದಿನ ಯಾರದೋ ಮನೆಯ ಬಿಂದಿಗೆಗೆ ಬರುತ್ತದೆ. ವಿಂಡ್‌ಹುಕ್ಕಿನ ಹತ್ತಾರು ತಡೆಗೋಡೆಗಳನ್ನು ಕಂಡವರಿಗೆ ಎರಡು ಹಂತ ಸಾಕೇ ಎಂಬ ಪ್ರಶ್ನೆ ಏಳದೆ ಇರದು. ಅದು ಅಜ್ಞಾನದ ವಿರೋಧವಲ್ಲ.

2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದಾಗ ಕಾರು ತೊಳೆಯಲು, ಗಿಡಗಳಿಗೆ, ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸಿದವರಿಗೆ ಜಲಮಂಡಳಿ 5000 ರೂಪಾಯಿ ದಂಡ ವಿಧಿಸುವುದಾಗಿ ಸಾರಿತು. ದೊಡ್ಡ ವಸತಿ ಸಮುಚ್ಚಯಗಳಲ್ಲಿ ಸ್ವಂತ ಶುದ್ಧೀಕರಣ ಘಟಕಗಳಿವೆ, ಆ ನೀರು ಶೌಚಾಲಯದ ಫ್ಲಶ್‌ಗೂ ತೋಟಕ್ಕೂ ಹೋಗುತ್ತದೆ. ಘಟಕ ಸರಿಯಾಗಿ ನಡೆದರೆ ಯಾರಿಗೂ ಅದರ ಅರಿವೇ ಆಗದು. ಒಂದು ದಿನ ವಾಸನೆ ಬಂತೆಂದರೆ ವರ್ಷಗಳ ನಂಬಿಕೆ ಕೊಚ್ಚಿಹೋಗುತ್ತದೆ. ನಂಬಿಕೆಯನ್ನು ಮಾತಿನಿಂದ ಕಟ್ಟಲಾಗದು, ಪ್ರತಿದಿನದ ಕೆಲಸದಿಂದ ಕಟ್ಟಬೇಕು ಎಂದು ವಿಂಡ್‌ಹುಕ್ ಹೇಳುವುದೂ ಇದನ್ನೇ.

ಭೂಮಿಯಿಂದ 400 ಕಿಲೋಮೀಟರ್ ಮೇಲೆ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಗಗನಯಾನಿಗಳು ತಮ್ಮ ಬೆವರು, ಮೂತ್ರಗಳಿಂದ ಬಂದ ನೀರನ್ನೇ ಶುದ್ಧೀಕರಿಸಿ ಕುಡಿಯುತ್ತಾರೆ. 2023ರಲ್ಲಿ ಶೇ 98ರಷ್ಟು ನೀರನ್ನು ಹೀಗೆ ಮರಳಿ ಪಡೆಯಲಾಯಿತು. ಅಲ್ಲಿ ಬೇರೆ ಹೊಳೆಯಿಲ್ಲ ಎಂಬುದು ಎಲ್ಲರಿಗೂ ಅರ್ಥವಾಗುತ್ತದೆ. ಭೂಮಿಯ ಮೇಲೂ ಹೊಸ ನೀರು ಹುಟ್ಟುತ್ತಿಲ್ಲ, ಇರುವುದೇ ಸುತ್ತುತ್ತಿದೆ ಎಂಬುದನ್ನು ಜಲಚಕ್ರದ ಚಿತ್ರ ಬರೆದ ಏಳನೆಯ ತರಗತಿಯ ಮಗುವೂ ಬಲ್ಲದು.

ಊರಿಗೊಂದು ಕೊಳಚೆ ನೀರು ಶುದ್ಧೀಕರಣ ಘಟಕ ಈಗ ಅನೇಕ ಕಡೆ ಇದೆ. ಶಾಲಾ ಪ್ರವಾಸವೆಂದರೆ ಬೇಲೂರು, ಹಳೇಬೀಡು, ಜೋಗ ಎಂಬ ಪಟ್ಟಿಗೆ ಅದನ್ನೂ ಸೇರಿಸಿದರೆ ನಷ್ಟವೇನೂ ಇಲ್ಲ. ಅಲ್ಲಿಗೆ ಹೋದ ಮಕ್ಕಳು ಮೂಗು ಮುಚ್ಚಿಕೊಳ್ಳಲಿ, ಪರವಾಗಿಲ್ಲ. ಆದರೆ ಮೂರು ಪ್ರಶ್ನೆ ಕೇಳಿ ಬರಲಿ: ಈ ನೀರಿಗೆ ಕಾರ್ಖಾನೆಯ ಕೊಳೆ ಸೇರುತ್ತದೆಯೇ? ದಿನಕ್ಕೆ ಎಷ್ಟು ಸಲ ಪರೀಕ್ಷೆ ಮಾಡುತ್ತೀರಿ? ಅದರ ಫಲಿತಾಂಶವನ್ನು ಊರಿನವರು ಎಲ್ಲಿ ನೋಡಬಹುದು? ಮನೆಗೆ ಬಂದ ಮೇಲೆ ಉತ್ತರಗಳನ್ನು ತಂದೆ ತಾಯಿಯರ ಮುಂದೆ ಹೇಳಲಿ. ಬೇಕೋ ಬೇಡವೋ ಎಂಬ ತೀರ್ಮಾನವನ್ನು ಬಾಯಾರಿಕೆ ಬಂದ ಮೇಲೆ ಅವಸರದಲ್ಲಿ ಮಾಡುವುದಕ್ಕಿಂತ, ಕೆರೆ ತುಂಬಿರುವಾಗಲೇ ಕುಳಿತು ಮಾಡುವುದು ಒಳ್ಳೆಯದು.